ಹಳದಿ ಬೂಟಿನವಳ ಸಹವಾಸ

ನನ್ನ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಅರ್ಧ ಹುಣಸೆ ಬೀಜದಷ್ಟು ದೊಡ್ಡದಾದ ಒಂದು ಜಡ್ಡು ಇದೆ. ನೋವಿಲ್ಲ, ಉರಿಯಿಲ್ಲ. ನನ್ನ ಪಾಡಿಗೆ ನಾನು, ಅದರ ಪಾಡಿಗೆ ಅದು ಇದ್ದೇವೆ. ಆದರೆ ನಾನು ಕೆಲಸ ಮಾಡುವುದು ಮುಂಡರಗಿಯ ಒಂದು ಗ್ರಂಥಾಲಯದಲ್ಲಿ. ಅಲ್ಲಿಗೆ ದಿನಾ ಪತ್ರಿಕೆ ಓದಲು ಬರುವ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಅವರಿಗೆ ಪತ್ರಿಕೆ ಮುಗಿದ ಮೇಲೆ ನನ್ನನ್ನು ಓದುವ ಚಾಳಿ. ಮೊನ್ನೆ ಪುಸ್ತಕ ಕೊಡುವಾಗ ನನ್ನ ಹೆಬ್ಬೆರಳು ಅವರ ಕಣ್ಣಿಗೆ ಬಿತ್ತು.

"ಏನ್ರೀ ಇದು, ಜಡ್ಡುಗಟ್ಟೇತಿ?"

"ಪುಸ್ತಕಕ್ಕ ಸಿಕ್ಕಾ ಹೊಡದು ಹೊಡದು ಆಗೇತ್ರಿ," ಎಂದೆ.

"ಸಿಕ್ಕಾ ಬಲಗೈಲೆ ಹೊಡೀತೀರಲ್ರಿ ನೀವು."

ಜೀವಮಾನವಿಡೀ ಹುಡುಗರ ಸುಳ್ಳು ಕೇಳಿದವರ ಮುಂದೆ ಸುಳ್ಳು ಹೇಳಬಾರದು. ಈ ಸಲ ಬಿಸಿಲು ಭಾಳ ಐತ್ರಿ ಎಂದು ಮಾತು ತಿರುಗಿಸಿದೆ. ಹೊರಗೆ ಮೋಡ ಕವಿದಿತ್ತು.

ನಿಮ್ಮ ಹತ್ತಿರ ಮುಚ್ಚಿಡುವುದೇನು. ಆ ಜಡ್ಡು ಹೊಡೆದಾಟದಿಂದ ಬಂದದ್ದು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ದಿನಾ ಮುಂಜಾನೆ ಆರರಿಂದ ಏಳರವರೆಗೆ, ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾನು ನನ್ನ ಸ್ವಂತ ಮಗಳನ್ನು ಹೊಡೆಯುತ್ತಿದ್ದೆ. ಒದೆಯುತ್ತಲೂ ಇದ್ದೆ. ಟಿವಿಯ ಪರದೆಯ ಮೇಲೆ ಎಂಬುದನ್ನು ಬೇಗ ಹೇಳಿಬಿಡುವುದು ಒಳ್ಳೆಯದು. ನಮ್ಮ ಓಣಿಯಲ್ಲಿ ಇದನ್ನು ಹೇಳಲು ತಡಮಾಡಿದ್ದಕ್ಕೆ ಎದುರು ಮನೆಯವರು ಎರಡು ವಾರ ನನ್ನನ್ನು ಮಾತಾಡಿಸಲಿಲ್ಲ.

ನಾನು ಹೊಡೆದಾಟದ ಜಾಯಮಾನದವನೇ ಅಲ್ಲ. ಮುಂಡರಗಿ ಬಸ್ಸಿನಲ್ಲಿ ನಾನು ಕೂತ ಸೀಟನ್ನು ಯಾರಾದರೂ ತಮ್ಮದೆಂದರೆ, ಅವರು ಈಗಷ್ಟೇ ಬಸ್ಸು ಹತ್ತಿದ್ದನ್ನು ಕಣ್ಣಾರೆ ಕಂಡಿದ್ದರೂ ಎದ್ದು ನಿಲ್ಲುತ್ತೇನೆ. ಶಾಲೆಯಲ್ಲಿ ಹುತುತು ಆಡುವಾಗ ಎದುರು ಪಾಳಯಕ್ಕೆ ಹೋಗಿ ಒಬ್ಬನನ್ನು ಮುಟ್ಟಿದವನು, ಗೆರೆಗೆ ಓಡಿಬರುವುದು ಬಿಟ್ಟು "ಪೆಟ್ಟಾತೇನಲೇ?" ಎಂದು ಕೇಳಿದ್ದೆ. ಕೇಳಲು ಹುತುತು ಅನ್ನುವುದನ್ನು ನಿಲ್ಲಿಸಬೇಕಾಯಿತು. ಎಂಟು ಜನ ಮೈಮೇಲೆ ಬಿದ್ದರು. ಪೆಟ್ಟಾಗಿದ್ದು ನನಗೆ.

ನಮ್ಮಪ್ಪ ನೇಕಾರ. ಮನೆಯಲ್ಲಿ ಕುಣಿಮಗ್ಗ ಇತ್ತು. ನೆಲದ ತಗ್ಗಿನಲ್ಲಿ ಕಾಲಿಟ್ಟು ಕೂತು, ಕಾಲು ತನ್ನ ಪಾಡಿಗೆ ಹಲಗೆ ತುಳಿಯುತ್ತಿದ್ದರೆ ಕೈ ತನ್ನ ಪಾಡಿಗೆ ಲಾಳಿ ಓಡಿಸಬೇಕು. ಹತ್ತನೇ ವಯಸ್ಸಿಗೆ ನನ್ನನ್ನು ಅಲ್ಲಿ ಕೂರಿಸಿದ ಅಪ್ಪ ಒಂದು ಗಂಟೆ ನೋಡಿ ಅವ್ವನಿಗೆ ಹೇಳಿದ. "ಇವನ ಕೈ ಹೋದಲ್ಲೆ ಕಾಲು ಹೊಕ್ಕಾವ. ಇವನ್ನ ಸಾಲಿಗೇ ಕಳಸು." ಹಾಗೆ ನಾನು ವಿದ್ಯಾವಂತನಾದೆ.

ಇಂಥವನ ಮಗಳು ಪಲ್ಲವಿ. ಗದಗಿನಲ್ಲಿ ಬಿ.ಕಾಂ. ಕೊನೆಯ ವರ್ಷ. ಅವಳ ಸೋದರಮಾವನ ಮಗನಿಗೆ ಮದುವೆಯಾದಾಗ, ಮನೆಯಲ್ಲಿ ಇದಾದರೂ ಇರಲಿ ಇಲ್ಲ ನಾನಾದರೂ ಇರುತ್ತೇನೆ ಎಂದು ಅವನ ಹೊಸ ಹೆಂಡತಿ ಹೇಳಿದ್ದರಿಂದ ಅವನು ವಿಡಿಯೋ ಆಟದ ಪೆಟ್ಟಿಗೆಯನ್ನು ಎರಡು ಕಂಟ್ರೋಲರ್ ಸಮೇತ ನಮ್ಮ ಮನೆಗೆ ತಂದಿಟ್ಟ. ಪಲ್ಲವಿ ಅದರಲ್ಲಿ ಒಂದು ಹೊಡೆದಾಟದ ಆಟ ಹಿಡಿದಳು. ಆ ಆಟದಲ್ಲಿ ಇಪ್ಪತ್ತು ಮೂವತ್ತು ಆಸಾಮಿಗಳಿದ್ದಾರೆ. ಅವಳು ಆರಿಸಿಕೊಂಡದ್ದು ಉದ್ದನೆಯ ಭರ್ಚಿ ಹಿಡಿದವನನ್ನು. ಅವನು ದೂರ ನಿಂತು ಚುಚ್ಚುತ್ತಾನೆ, ಹತ್ತಿರ ಯಾರನ್ನೂ ಸೇರಿಸುವುದಿಲ್ಲ.

ಹೋದ ವರ್ಷ ಗದಗಿನ ಒಂದು ಕಾಲೇಜಿನ ಹಾಲಿನಲ್ಲಿ ಈ ಆಟದ ಸ್ಪರ್ಧೆ ಇತ್ತು. ಪಲ್ಲವಿ ಎರಡು ಸುತ್ತು ಗೆದ್ದಳು. ಮೂರನೇ ಸುತ್ತಿಗೆ ಹುಬ್ಬಳ್ಳಿಯ ಹುಡುಗನೊಬ್ಬ ಬಂದ. ಅವನ ಆಸಾಮಿ ಹಳದಿ ಬೂಟು ಹಾಕಿದ ಒಬ್ಬ ತೆಳ್ಳನೆಯ ಹುಡುಗಿ. ಅವಳು ದೂರ ನಿಲ್ಲುವವಳೇ ಅಲ್ಲ, ಓಡಿ ಬಂದು ಮೈಮೇಲೆ ಬೀಳುವವಳು. ಬಿದ್ದಳು. ಪಲ್ಲವಿಯ ಬೆರಳು ಹೆಪ್ಪುಗಟ್ಟಿದವು. ಅವಳ ಭರ್ಚಿಯವನು ಕೈ ಅಡ್ಡ ಹಿಡಿದುಕೊಂಡು ಹಾಗೇ ನಿಂತುಬಿಟ್ಟನಂತೆ. ಅವಳ ಕ್ಲಾಸಿನವರೆಲ್ಲ ನೋಡುತ್ತಿದ್ದ ಹಾಗೆ ಎರಡು ನಿಮಿಷದೊಳಗೆ ಎಲ್ಲಾ ಮುಗಿಯಿತು. ಆ ಹುಡುಗ ಕೈ ಕುಲುಕಲು ಬಂದರೆ ಇವಳು ಕಂಟ್ರೋಲರ್ ಇಟ್ಟು ಎದ್ದು ಸ್ಕೂಟರ್ ಹತ್ತಿ ಮನೆಗೆ ಬಂದಿದ್ದಳು. ಊಟಕ್ಕೆ ಕೂತರೆ ಬಾಯಿಗೆ ಬಿಡುವು ಕೊಡದ ಹುಡುಗಿ ಎಂಟು ದಿನ ಮಾತಿಲ್ಲದೆ ಉಂಡಳು.

ಈ ವರ್ಷ ಮತ್ತೆ ಸ್ಪರ್ಧೆಯ ಸುದ್ದಿ ಬಂತು. ಹೆಸರು ಕೊಟ್ಟು ಬಂದ ದಿನ ರೊಟ್ಟಿ ಮುರಿಯುತ್ತಾ ಹೇಳಿದಳು.

"ಈ ಸಲಾನೂ ಕೈ ಕಟ್ಟಿದ್ರ ಆಟಾನ ಬಿಟ್ಟಬಿಡತೀನಿ. ಪೆಟ್ಟಿಗಿ ಮಾರಿಬಿಡೂಣು."

ಪೆಟ್ಟಿಗೆ ಹೋದರೆ ನನಗೇನೂ ನಷ್ಟವಿರಲಿಲ್ಲ. ನನ್ನನ್ನು ಅಂಜಿಸಿದ್ದು ಅವಳ ದನಿ. ಇದೇ ದನಿಯಲ್ಲಿ ಅವಳು ಹಾರ್ಮೋನಿಯಂ ಬಿಟ್ಟಿದ್ದಳು, ಪರೀಕ್ಷಕರೊಬ್ಬರು ನಡುವೆ ಹುಬ್ಬು ಗಂಟು ಹಾಕಿದರು ಅಂತ. ಓಟದ ಪಂದ್ಯ ಬಿಟ್ಟದ್ದೂ ಇದೇ ದನಿಯಲ್ಲಿ. ಬಿಡುವುದರಲ್ಲಿ ಅವಳು ಥೇಟ್ ನನ್ನ ಮಗಳು. ನಾನು ಮಗ್ಗ ಬಿಟ್ಟವನು, ಹುತುತು ಬಿಟ್ಟವನು, ದೊಡ್ಡ ನೌಕರಿಯ ಪರೀಕ್ಷೆಗೆಂದು ಧಾರವಾಡದಲ್ಲಿ ರೂಮು ಹಿಡಿದು ಮೊದಲ ಪೇಪರಿನ ದಿನವೇ ರೂಮು ಬಿಟ್ಟವನು. ಇದನ್ನೂ ಬಿಟ್ಟರೆ ಬಿಡುವುದೇ ಇವಳಿಗೂ ಅಭ್ಯಾಸವಾಗುತ್ತದೆ ಎಂದು ನನಗೆ ಖರೇನೇ ಭಯವಾಯಿತು.

ಅವಳಿಗೆ ಬೇಕಾಗಿದ್ದದ್ದು ಒಬ್ಬ ಜೋಡಿ. ಹಳದಿ ಬೂಟಿನವಳನ್ನು ಆಡಿಸುವವರು, ದಿನಾ ಬಂದು ಅವಳ ಮೈಮೇಲೆ ಬೀಳುವವರು. ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರಂತೆ, ಆದರೆ ನಮ್ಮ ಓಣಿಯ ನೆಟ್ಟಿನಲ್ಲಿ ಅವರು ಒದ್ದ ಒದೆ ಇಲ್ಲಿಗೆ ಬಂದು ಮುಟ್ಟುವುದರೊಳಗೆ ಚಹಾ ಕುಡಿದು ಬರಬಹುದು. ಅವಳು ಮೊದಲು ಅವ್ವನನ್ನು ಕೇಳಿದಳು.

"ಒಂದ ಕೈಯಾಗ ಹಿಟ್ಟು, ಒಂದ ಕೈಯಾಗ ರಿಮೋಟ ಹಿಡ್ಯಾಕ ನನಗ ಆಗೂದಿಲ್ಲ. ನಿಮ್ಮಪ್ಪ ಮುಂಜಾನಿ ಖಾಲಿ ಇರತಾರ ನೋಡು," ಎಂದಳು ನನ್ನ ಹೆಂಡತಿ.

ಆಟದ ಸೂತ್ರ ಇಷ್ಟೇ. ಎದುರಾಳಿ ನಿಂತುಕೊಂಡು ಕೈ ಅಡ್ಡ ಹಿಡಿದರೆ ಮೇಲಿನಿಂದ ಬರುವ ಏಟು ತಡೆಯಬಹುದು, ಕಾಲಿಗೆ ಬೀಳುವ ಒದೆ ತಡೆಯಲಾಗದು. ಕುಕ್ಕರಗಾಲಲ್ಲಿ ಕೂತು ಅಡ್ಡ ಹಿಡಿದರೆ ಒದೆ ತಡೆಯಬಹುದು, ನೆತ್ತಿಯ ಮೇಲಿನ ಏಟು ತಡೆಯಲಾಗದು. ನಿಂತಿರಲಿ ಕೂತಿರಲಿ, ಸುಮ್ಮನೆ ಅಡ್ಡ ಹಿಡಿದುಕೊಂಡೇ ಇದ್ದರೆ ಹತ್ತಿರ ಹೋಗಿ ಅನಾಮತ್ತಾಗಿ ಎತ್ತಿ ಒಗೆಯಬಹುದು. ಮೇಲೆ, ಕೆಳಗೆ, ಎತ್ತಿ ಒಗೆ. ಈ ಮೂರನ್ನೂ ಮುಂದೆ ಯಾವುದು ಬರುತ್ತದೆಂದು ಗೊತ್ತಾಗದ ಹಾಗೆ ಕಲಸಿ ಕೊಡುವುದಕ್ಕೆ ಹುಡುಗರು ಮಿಕ್ಸಪ್ ಎನ್ನುತ್ತಾರೆ. ಉಸಿರು ತೆಗೆದುಕೊಳ್ಳಲು ಬಿಡದೆ ಮೈಮೇಲೆ ಬಿದ್ದೇ ಇರುವುದಕ್ಕೆ ರಶ್‌ಡೌನ್ ಎನ್ನುತ್ತಾರೆ. ಹಳದಿ ಬೂಟಿನವಳು ಎರಡರಲ್ಲೂ ಪಂಡಿತೆ. ಅವಳನ್ನು ನನ್ನ ಕೈಗೆ ಕೊಟ್ಟರು.

ಮೊದಲನೆಯ ದಿನ ಎಂಟು ನಿಮಿಷ ಏನೂ ನಡೆಯಲಿಲ್ಲ. ಒಂಬತ್ತನೆಯ ನಿಮಿಷಕ್ಕೆ ನನ್ನ ಹಳದಿ ಬೂಟು ಮಗಳ ಭರ್ಚಿಯವನ ಮೊಣಕಾಲಿಗೆ ತಾಗಿತು. ತಾಗಿದ್ದೇ ತಡ, ನನ್ನ ಬಲಗೈ ಕಂಟ್ರೋಲರ್ ಬಿಟ್ಟು ಹೋಗಿ ಪಕ್ಕದಲ್ಲಿ ಕೂತಿದ್ದ ಪಲ್ಲವಿಯ ಭುಜ ಮುಟ್ಟಿ, ನನ್ನ ಎರಡೂ ಕಣ್ಣಿಗೆ ಒತ್ತಿಕೊಂಡು ವಾಪಸು ಬಂತು. ನನಗೆ ಗೊತ್ತಾಗುವ ಮೊದಲೇ ಇದೆಲ್ಲ ನಡೆದುಹೋಗಿತ್ತು. ಅಷ್ಟರಲ್ಲಿ ಭರ್ಚಿ ನನ್ನವಳ ಎದೆಯಲ್ಲಿತ್ತು.

"ಅಪ್ಪಾ, ಏನ್ ಮಾಡಾಕತ್ತೀ?"

"ಕಾಲು ಹತ್ತಿತವ್ವಾ."

"ಕಾಲು ಹತ್ತಲಿ ಅಂತನ ಒದಿಯೂದಪಾ!"

ನಾನೇನು ಮಾಡಲಿ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕಾದವುಗಳ ಪಟ್ಟಿ ನಮ್ಮ ಮನೆಯಲ್ಲಿ ಬಹಳ ಉದ್ದವಿತ್ತು. ಮನುಷ್ಯರು, ಪುಸ್ತಕ, ಮೊರ, ಕಸಬರಿಗೆ, ನೆಲಕ್ಕೆ ಬಿದ್ದ ಜೋಳದ ಕಾಳು, ಲಾಳಿ. ಮಗ್ಗದ ಕುಣಿಗೆ ಇಳಿಯುವ ಮುಂಚೆ ಅಪ್ಪ ಅದರ ಅಂಚನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ, ಇನ್ನು ಇಡೀ ದಿನ ತುಳಿಯುವುದಿದೆ ಅಂತ ಮುಂಗಡವಾಗಿ. ಚಿಕ್ಕವರಿದ್ದಾಗ ಒಂದೇ ಕೌದಿಯಲ್ಲಿ ಮಲಗುತ್ತಿದ್ದ ನಾನೂ ಅಕ್ಕನೂ ನಿದ್ದೆಗಣ್ಣಿನಲ್ಲಿ ಕಾಲು ತಾಗಿಸಿಕೊಂಡು, ಒಟ್ಟಿಗೇ ಬಗ್ಗಿ, ತಲೆಗೆ ತಲೆ ಢೀ ಕೊಟ್ಟುಕೊಂಡು ಅತ್ತದ್ದಿದೆ. ಈಗಲೂ ಗ್ರಂಥಾಲಯದಲ್ಲಿ ಪುಸ್ತಕ ನೆಲಕ್ಕೆ ಹರವಿ ಜೋಡಿಸುವ ದಿನ ನನ್ನ ಕೈ ಕಣ್ಣಿನಿಂದ ಇಳಿಯುವುದೇ ಇಲ್ಲ. ಇಂಥ ಕೈಗೆ, ನಿಮಿಷಕ್ಕೆ ನಲವತ್ತು ಒದೆ ಒದೆಯುವವಳನ್ನು ಒಪ್ಪಿಸಿದ್ದರು.

ಪಲ್ಲವಿ ತನ್ನ ಕೂದಲಿನ ರಬ್ಬರ್ ಬ್ಯಾಂಡು ತೆಗೆದು ನನ್ನ ಬಲಗೈಯನ್ನು ಕಂಟ್ರೋಲರಿಗೆ ಬಿಗಿದಳು. ಮುಂದಿನ ಒದೆಗೆ ಕೈ ಕಂಟ್ರೋಲರ್ ಸಮೇತ ಕಣ್ಣಿಗೆ ಹೋಯಿತು. ಕನ್ನಡಕದ ಎಡಗಡೆಯ ಗಾಜು ಸೀಳಿತು.

ಆ ಚಾಳಿ ಒಂದು ವಾರಕ್ಕೆ ಕಡಿಮೆಯಾಯಿತು. ಇನ್ನೊಂದು ಉಳಿಯಿತು. ಹೇಗೋ ಏನೋ ಅವಳ ಭರ್ಚಿಯವನು ನೆಲಕ್ಕೆ ಬಿದ್ದರೆ ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು, ಅವನು ಎದ್ದು ನಿಂತು ಸುಧಾರಿಸಿಕೊಳ್ಳುವ ತನಕ ಕಾಯುತ್ತಿದ್ದೆ.

"ನಾ ಏಳೂ ಮುಂದ ನೀ ಮ್ಯಾಲ ಬಂದಿರಬೇಕಪಾ," ಎಂದಳು.

"ಏಳಾಕರ ಬಿಡಬೇಕಲ್ಲವ್ವಾ."

"ಹುಬ್ಬಳ್ಳಿಯವ ಬಿಡೂದಿಲ್ಲ."

ಅವಳಿಗೆ ಸಿಟ್ಟು ಬರುತ್ತಿರಲಿಲ್ಲ, ಅದೇ ನನಗೆ ಕಷ್ಟವಾಗುತ್ತಿತ್ತು. ದಿನಾ ಗೆಲ್ಲುತ್ತಿದ್ದಳು, ದಿನಾ ಮುಖ ಸಣ್ಣದಾಗುತ್ತಿತ್ತು. ಸ್ಪರ್ಧೆಗೆ ಐದು ವಾರ ಉಳಿದಿತ್ತು.

ಈ ನಡುವೆ ಕಂಟ್ರೋಲರಿನಲ್ಲಿ ಎಡ ಹೆಬ್ಬೆರಳಿನಿಂದ ಆಸಾಮಿಯನ್ನು ಹಿಂದೆ ಮುಂದೆ ನಡೆಸುವ ಕಡ್ಡಿ ಸಡಿಲವಾಯಿತು. ನಮ್ಮ ಓಣಿಯ ತುದಿಯಲ್ಲಿ ಮೊಬೈಲ್ ರಿಪೇರಿ ಮಾಡುವ ದಸ್ತಗೀರನ ಬಳಿ ಒಯ್ದೆ. ಅವನು ನನ್ನ ಜೊತೆ ಶಾಲೆ ಕಲಿತವನು.

"ಯಾರದೋ ಇದು? ಹುಡುಗರದೇನು?"

"ನಂದು."

ದಸ್ತಗೀರ ಅದನ್ನು ಬಿಚ್ಚಿದ. ಭೂತಗನ್ನಡಿ ಹಿಡಿದು ಒಳಗೆ ನೋಡಿದ. ನನ್ನನ್ನು ನೋಡಿದ. ಮತ್ತೆ ಒಳಗೆ ನೋಡಿದ.

"ಬಟನ್ ಎಲ್ಲಾ ಹೊಸಾವು ಇದ್ದಂಗ ಅದಾವ. ಈ ಕಡ್ಡಿ ಹಿಂದಕ್ಕ ಒತ್ತೂ ಕಡೆ ಅಷ್ಟ ಸವದೈತಿ. ನೀ ಇದರಾಗ ಏನ್ ಆಡತಿಯೋ ಮಾರಾಯ?"

"ಮುಂದಕ್ಕ ಹೋಗಿ ಹೊಡಿಯೂ ಆಟ," ಎಂದೆ.

ಹೆಬ್ಬೆರಳಿನ ಜಡ್ಡು ಹುಟ್ಟಿದ್ದು ಹೀಗೆ, ಹಿಂದೆ ಸರಿದೂ ಸರಿದೂ.

ಅದೇ ವಾರ ಲಕ್ಷ್ಮೇಶ್ವರದಲ್ಲಿ ನನ್ನ ಅಕ್ಕ ಗೌರಕ್ಕನ ಬಸುರಿ ಸೊಸೆಗೆ ಸೀಮಂತದ ಕುಬಸ. ನನಗಿಂತ ಆರು ವರ್ಷಕ್ಕೆ ದೊಡ್ಡವಳಾದ ಗೌರಕ್ಕನ ಹೆಸರು ಆ ಕಡೆಯಲ್ಲೆಲ್ಲ ಗೊತ್ತು, ಬಡಿಸುವುದಕ್ಕೆ. ಈಗ ಎಲ್ಲರೂ ತಟ್ಟೆ ಹಿಡಿದು ನಿಂತು ಉಣ್ಣುತ್ತಾರೆ. ಗೌರಕ್ಕನ ಮನೆಯಲ್ಲಿ ಮಾತ್ರ ಇನ್ನೂ ಪಂಕ್ತಿ ಹಾಕಿ, ಎಲೆ ಹಾಸಿ, ಕೂತು ಉಣ್ಣಬೇಕು. ಅವಳ ಪಂಕ್ತಿಯಿಂದ ಬೇಡವೆಂದು ಎದ್ದು ಹೋದವರು ಯಾರೂ ಇಲ್ಲ. ಬೇಡವೆನ್ನುತ್ತಾ ಉಂಡು ಹೋದವರೇ ಎಲ್ಲ.

ನನ್ನ ಎದುರು ಸಾಲಿನಲ್ಲಿ ಬೆಳ್ಳಟ್ಟಿಯಿಂದ ಬಂದ ಬೀಗರು ಕೂತಿದ್ದರು. ಎತ್ತರದ ಆಳು, ಭಾರದ ಮೀಸೆ. ಎರಡು ಹೋಳಿಗೆ ತಿಂದು, ಸಾಕು ಎಂದು ಎರಡೂ ಅಂಗೈಯನ್ನು ಎಲೆಯ ಮೇಲೆ ಛಾವಣಿಯಂತೆ ಹಿಡಿದರು. ಗೌರಕ್ಕನ ಬಲಗೈಯಲ್ಲಿ ಹೋಳಿಗೆ, ಎಡಗೈಯಲ್ಲಿ ತುಪ್ಪದ ತಂಬಿಗೆ. ಅವಳು ಅವರನ್ನು ದಾಟಿ ಮುಂದೆ ಹೋದಳು. ಬೀಗರು ಉಸಿರು ಬಿಟ್ಟರು. ಅವಳು ಅಲ್ಲಿಂದಲೇ ತಿರುಗಿ, ಅಂಗೈಯ ಕೆಳಗಿನ ಸಂದಿಯಿಂದ ತಂಬಿಗೆ ತೂರಿಸಿ ತುಪ್ಪ ಹಾಕಿದಳು. ಬೀಗರು ಗಾಬರಿಯಾಗಿ ತುಪ್ಪ ತಡೆಯಲು ಕೈ ಕೆಳಗಿಳಿಸಿದರು. ಮೇಲಿನಿಂದ ಹೋಳಿಗೆ ಬಿತ್ತು. ಇನ್ನು ಯಾವುದೂ ಬೇಡವೆಂದು ಅವರು ಎಲೆಯನ್ನೇ ಅಪ್ಪಿಕೊಂಡು ಕೂತರು. ಗೌರಕ್ಕ ತಂಬಿಗೆ ಕೆಳಗಿಟ್ಟು, "ಬೀಗರ, ಕೈ ತಗೀರಿ," ಎಂದು ಅವರ ಮುಂಗೈ ಹಿಡಿದೆತ್ತಿ ಪಕ್ಕಕ್ಕಿಟ್ಟು, ಇನ್ನೊಂದು ಹೋಳಿಗೆ ಹಾಕಿ ಹೋದಳು.

ನಾನು ತುತ್ತು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನು ಮರೆತಿದ್ದೆ. ಕೆಳಗೆ, ಮೇಲೆ, ಎತ್ತಿ ಒಗೆ. ಎರಡು ವಾರದಿಂದ ಮಗಳು ನನಗೆ ಬಡಿದುಕೊಂಡು ಹೇಳುತ್ತಿದ್ದದ್ದನ್ನು ನನ್ನ ಒಡಹುಟ್ಟಿದ ಅಕ್ಕ ನಲವತ್ತು ವರ್ಷದಿಂದ ಮಾಡಿಕೊಂಡು ಬಂದಿದ್ದಳು. ಚಿಕ್ಕಂದಿನಲ್ಲಿ ನನ್ನ ಕೈಯ ಬೆಲ್ಲದುಂಡೆ ಪ್ರತಿ ಸಲ ಎಲ್ಲಿಗೆ ಹೋಗುತ್ತಿತ್ತು ಎಂಬುದೂ ಆಗ ಹೊಳೆಯಿತು.

ಊಟವಾದ ಮೇಲೆ ಅಡುಗೆಮನೆಗೆ ಹೋದೆ. ಗೌರಕ್ಕ ಗೋಡೆಗೊರಗಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು.

"ಅಕ್ಕಾ, ಮೊದಲ ಯಾವುದು ಹಾಕಬೇಕಂತ ನಿನಗ ಹೆಂಗ ತಿಳೀತೈತಿ?"

"ಅದ್ರಾಗ ತಿಳಿಯೂದೇನೈತಿ? ಕೈ ನೋಡಬಾರದಪಾ, ಮಾರಿ ನೋಡಬೇಕು. ಯಾವುದಕ್ಕ ಅಂಜ್ಯಾರ ಅನ್ನೂದು ಮಾರಿ ಮ್ಯಾಲ ಇರತೈತಿ. ಅದನ್ನ ಬಿಟ್ಟು ಇನ್ನೊಂದು ಹಾಕೂದು."

"ಅವರು ಅಷ್ಟು ಬ್ಯಾಡ ಅಂದ್ರೂ ಹಾಕತೀಯಲ್ಲ, ಪಾಪ ಅನಸೂದಿಲ್ಲೇನು?"

ಅವಳು ಸುಣ್ಣದ ಡಬ್ಬಿ ಮುಚ್ಚಿ ನನ್ನನ್ನು ನೋಡಿದಳು. ಈ ನೋಟ ನನಗೆ ಆರನೇ ವಯಸ್ಸಿನಿಂದ ಪರಿಚಯ.

"ಸಂಕೋಚಪಟ್ಟು ಬಡಿಸಿದ್ರ ಉಣ್ಣಾವ್ರು ಅರ್ಧಾ ಹೊಟ್ಟೀಲೆ ಏಳತಾರ. ನಿನಗ ಒಳ್ಳ್ಯಾಂವ ಅನಿಸ್ಕೋಬೇಕು, ಅದಕ್ಕ ಕೈ ಹಿಂದ ತಗೀತಿ. ಅವ್ರು ಉಪಾಸ ಹೊಕ್ಕಾರ. ಪಾಪ ಯಾವುದು ಹೇಳು?"

ಬಸ್ಸಿನಲ್ಲಿ ಗದಗ ಬರುವ ತನಕ ಆ ಪ್ರಶ್ನೆಯೇ ಕೊರೆಯಿತು. ನಾನು ಹಿಂದೆ ಸರಿಯುತ್ತಿದ್ದದ್ದು ಮಗಳ ಮೇಲಿನ ಮಮತೆಗೆ ಅಂದುಕೊಂಡಿದ್ದೆ. ಅವಳನ್ನು ಖಾಲಿ ಹೊಟ್ಟೆಯಲ್ಲಿ ಹುಬ್ಬಳ್ಳಿಯವನ ಮುಂದೆ ಕೂರಿಸಲು ನಾನು ತಯಾರು ಮಾಡುತ್ತಿದ್ದೆ, ಅಷ್ಟೆ.

ಮರುದಿನ ಮುಂಜಾನೆ ನಾನು ಪರದೆ ಬಿಟ್ಟು ಪಲ್ಲವಿಯ ಮುಖ ನೋಡಿದೆ. ಕಾಲಿಗೆ ಒದೆ ಬರುತ್ತದೆಂದು ಅನಿಸಿದಾಗ ಅವಳು ಕೆಳತುಟಿ ಕಚ್ಚುತ್ತಿದ್ದಳು. ಕಚ್ಚಿದಳು. ನಾನು ಮೇಲಿನಿಂದ ಹೊಡೆದೆ. ಬಿತ್ತು. ತುಟಿ ಬಿಟ್ಟಳು, ಒದ್ದೆ. ಬಿತ್ತು. ಕೈ ಅಡ್ಡ ಹಿಡಿದು ಕೂತಳು, ಎತ್ತಿ ಒಗೆದೆ. ಅವಳು ಏಳುವ ಮೊದಲೇ ಮೇಲಿದ್ದೆ. ಅವಳ ಉಸಿರು ನಿಂತದ್ದು ನನಗೆ ಕೇಳಿಸಿತು. ಬೆರಳು ಅಲುಗಲಿಲ್ಲ. ಹೋದ ವರ್ಷ ಆ ಹಾಲಿನಲ್ಲಿ ನಡೆದದ್ದು ನನ್ನ ಪಕ್ಕದಲ್ಲೇ, ನನ್ನ ಚಾಪೆಯ ಮೇಲೆ ಮತ್ತೆ ನಡೆಯುತ್ತಿತ್ತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಪಲ್ಲವಿ ಕಂಟ್ರೋಲರ್ ಕೆಳಗಿಟ್ಟು ಅಡುಗೆಮನೆಗೆ ಹೋದಳು. ನನ್ನ ಹೆಂಡತಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು.

"ಏನ್ ಮಾಡಿದ್ರಿ ಕೂಸಿಗೆ?"

"ಗೆದ್ದೆ," ಎಂದೆ.

ನಾನು ಬದುಕಿನಲ್ಲಿ ಮೊದಲ ಸಲ ಏನನ್ನಾದರೂ ಗೆದ್ದದ್ದು ಅದು. ಬಹಳ ಕೆಟ್ಟದೆನಿಸಿತು. ಎದ್ದು ಹೋಗಿ ಬ್ಯಾಡ ಬಿಡವ್ವಾ ಎಂದು ಹೇಳಬೇಕೆಂದು ಎರಡು ಸಲ ಮಂಡಿ ಊರಿದೆ, ಎರಡು ಸಲವೂ ಕೂತೆ. ಬಚ್ಚಲಲ್ಲಿ ನೀರಿನ ಸಪ್ಪಳ ಕೇಳಿಸಿತು. ಮುಖ ತೊಳೆದು ಬಂದ ಪಲ್ಲವಿ ನನ್ನ ಕಡೆ ನೋಡದೆ ಚಾಪೆಯ ಮೇಲೆ ಕೂತಳು.

"ಈಗ ಮಾಡಿದ್ಯಲ್ಲ, ಅದನ್ನ ಇನ್ನೊಮ್ಮೆ ಮಾಡು," ಎಂದಳು.

ಅಂದಿನಿಂದ ನಿಜವಾದ ಅಭ್ಯಾಸ ಶುರುವಾಯಿತು. ತುಟಿ ಕಚ್ಚುವ ವಿಷಯ ಅವಳಿಗೆ ನಾನೇ ಹೇಳಿದೆ. ಮಾರನೆಯ ದಿನದಿಂದ ಕಚ್ಚುವುದು ನಿಂತಿತು, ನನ್ನ ಗೆಲುವು ಅರ್ಧಕ್ಕಿಳಿಯಿತು. ಹಳದಿ ಬೂಟಿನವಳು ಮೇಲಿನಿಂದ ಹೊಡೆಯುವ ಮುಂಚೆ ಅವಳ ಹಿಮ್ಮಡಿ ಒಂದು ಚೂರು ಏಳುತ್ತದೆ ಎಂಬುದನ್ನು ಪಲ್ಲವಿ ಕಂಡುಹಿಡಿದಳು. ಅವಳನ್ನು ಇಷ್ಟು ದಿನ ಆಡಿಸಿದ ನನಗೇ ಅದು ಗೊತ್ತಿರಲಿಲ್ಲ. ಎಲ್ಲಾ ಏಟನ್ನೂ ತಡೆಯಲು ಹೋಗಬಾರದು, ಒಂದೆರಡು ಬಿದ್ದರೆ ಬೀಳಲಿ, ಆಮೇಲೆ ಕೈ ಆಡಿಸುವುದು ಮುಖ್ಯ ಎಂದು ತನಗೆ ತಾನೇ ಹೇಳಿಕೊಳ್ಳತೊಡಗಿದಳು. ನಾಲ್ಕನೇ ವಾರದ ಕೊನೆಗೆ ನನಗೆ ಅವಳ ಭರ್ಚಿಯವನ ನೆರಳನ್ನೂ ಮುಟ್ಟಲಾಗಲಿಲ್ಲ. ಒಂದು ಮುಂಜಾನೆ ಸತತವಾಗಿ ಇಪ್ಪತ್ತಾರು ಸಲ ಸೋತು, ಸಿಳ್ಳೆ ಹಾಕುತ್ತಾ ಮುಂಡರಗಿ ಬಸ್ಸು ಹತ್ತಿದೆ. ಮನೆಯಲ್ಲಿ ಏನು ವಿಶೇಷ ಎಂದು ಕಂಡಕ್ಟರ್ ಕೇಳಿದ.

ಸ್ಪರ್ಧೆಯ ಭಾನುವಾರ ಹಾಲಿನ ಹಿಂದಿನ ಸಾಲಿನಲ್ಲಿ ಕೂತೆ. ನನ್ನ ವಯಸ್ಸಿನವರು ಇನ್ನೊಬ್ಬರಿದ್ದರು, ಅವರು ವಾಚ್‌ಮನ್. ಹುಬ್ಬಳ್ಳಿಯ ಹುಡುಗನನ್ನು ನಾನು ದುರುಳನೆಂದು ಕಲ್ಪಿಸಿಕೊಂಡಿದ್ದೆ. ಸಣಕಲು ಹುಡುಗನೊಬ್ಬ ಗಿರಮಿಟ್ಟಿನ ಪೊಟ್ಟಣ ಹಿಡಿದು ಬಂದ.

"ನಮಸ್ಕಾರ್ರಿ ಅಂಕಲ್. ಇಲ್ಲೆ ಯಾರರ ಕುಂಡ್ರಾವ್ರು ಅದಾರೇನ್ರಿ?"

ಇಲ್ಲವೆಂದೆ. ಕೂತ. ಗಿರಮಿಟ್ಟು ನನ್ನ ಮುಂದೆ ಹಿಡಿದ. ಒಂದು ಮುಷ್ಟಿ ತಿಂದೆ. ಆಮೇಲೆ ಹುಬ್ಬಳ್ಳಿಯವನ ಹೆಸರು ಕೂಗಿದರೆ ಎದ್ದವನು ಇವನೇ, ಜೊತೆಗೆ ಪಲ್ಲವಿಯ ಹೆಸರನ್ನೂ ಕೂಗಿದರು. ಬಾಯಲ್ಲಿದ್ದದ್ದನ್ನು ಉಗುಳುವ ಹಾಗಿರಲಿಲ್ಲ.

ಮೂರರಲ್ಲಿ ಎರಡು ಆಟ ಗೆದ್ದವರು ಮುಂದಕ್ಕೆ. ಮೊದಲ ಆಟದಲ್ಲಿ ಹಳದಿ ಬೂಟಿನವಳು ಓಡಿ ಬಂದಳು. ನನ್ನ ಕೈಯಲ್ಲಿ ಅವಳು ಹೀಗೆ ಎಂದೂ ಓಡಿರಲಿಲ್ಲ. ಕೆಳಗೆ, ಕೆಳಗೆ, ಎತ್ತಿ ಒಗೆ, ಮೇಲೆ. ಹಿಂದಿನಿಂದ ನನಗೆ ಪಲ್ಲವಿಯ ಹೆಗಲು ಮಾತ್ರ ಕಾಣುತ್ತಿತ್ತು. ಅವು ಕಿವಿಯ ತನಕ ಏರಿದವು, ಏರಿ ಅಲ್ಲೇ ನಿಂತವು. ಆಟ ಹೋಯಿತು. ಅವಳು ಕಂಟ್ರೋಲರನ್ನು ಕೆಳಗಿಟ್ಟಳು. 

ನಾನು ಎದ್ದು ನಿಂತಿದ್ದೆ. ಹಿಂದೆ ನಿಂತಿದ್ದ ವಾಚ್‌ಮನ್ ಕುಂಡ್ರಿ ಕುಂಡ್ರಿ ಎನ್ನುತ್ತಿದ್ದರು. ಪಲ್ಲವಿ ಎರಡೂ ಅಂಗೈಯನ್ನು ಚೂಡಿದಾರಿಗೆ ಒರೆಸಿಕೊಂಡಳು, ಹೆಗಲು ಇಳಿಸಿದಳು, ಕಂಟ್ರೋಲರ್ ಮತ್ತೆ ಕೈಗೆ ತೆಗೆದುಕೊಂಡಳು. ನಾನು ಕೂತೆ.

ಎರಡನೇ ಆಟದಲ್ಲಿ ಆ ಹುಡುಗ ಹೊಡೆದದ್ದರಲ್ಲಿ ಅರ್ಧ ತಾಗಿತು, ಅರ್ಧ ತಾಗಲಿಲ್ಲ, ತಾಗಿದ್ದಕ್ಕೆ ಅವಳು ಗಾಬರಿಯಾಗಲಿಲ್ಲ. ಗೆದ್ದಳು. ಮೂರನೆಯದರಲ್ಲಿ ಬೂಟಿನ ಹಿಮ್ಮಡಿ ಏಳುವುದೇ ತಡ ಭರ್ಚಿ ಅಲ್ಲಿರುತ್ತಿತ್ತು. ಗೆದ್ದಳು. ಹುಡುಗ ನಗುತ್ತಾ ಕೈ ಕುಲುಕಿದ. ನನ್ನ ಎರಡೂ ಹೆಬ್ಬೆರಳು ಮಡಿಲಲ್ಲಿ ತಮ್ಮಷ್ಟಕ್ಕೆ ತಾವೇ ಓಡಾಡುತ್ತಿದ್ದವು. ಅಳು ಬಂತು, ಗಿರಮಿಟ್ಟಿನ ಮೆಣಸಿನಕಾಯಿ ಎಂದು ಕಣ್ಣೊರೆಸಿಕೊಂಡೆ.

ಮುಂದಿನ ಸುತ್ತಿನಲ್ಲಿ ಶಿರಹಟ್ಟಿಯ ಹುಡುಗಿಯೊಬ್ಬಳು ಬಂದಳು. ಅವಳ ಆಸಾಮಿ ಡೊಳ್ಳುಹೊಟ್ಟೆಯ ದೈತ್ಯ. ಓಡುವುದಿಲ್ಲ, ಜಿಗಿಯುವುದಿಲ್ಲ, ಸಂಜೆಯ ವಾಕಿಂಗಿಗೆ ಹೊರಟವರ ಹಾಗೆ ನಡೆದು ಬರುತ್ತಾನೆ. ಭರ್ಚಿಯ ಚುಚ್ಚನ್ನು ಮೈಮೇಲೆ ಹಾಕಿಕೊಂಡೇ ಬಂದು, ತಬ್ಬಿ ಹಿಡಿದು, ನೆಲಕ್ಕೆ ಅಪ್ಪಳಿಸುತ್ತಾನೆ. ಇವನ ವಿಷಯ ನಾವು ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ. ಎರಡು ಆಟ ಎರಡು ನಿಮಿಷದಲ್ಲಿ ಮುಗಿದವು. ಹೋದ ವರ್ಷಕ್ಕೂ ಇಷ್ಟೇ ಹೊತ್ತು ಹಿಡಿದಿತ್ತು.

ಪಲ್ಲವಿ ಆ ಹುಡುಗಿಯ ಕೈ ಕುಲುಕಿದಳು. ನನ್ನ ಹತ್ತಿರ ಬಂದು "ನಡೀ ಅಪ್ಪಾ," ಎಂದಳು. ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ತೆಗೆದಳು. ನಾನು ಹಿಂದೆ ಕೂತೆ.

ಪೇಟೆ ದಾಟಿ ಬೆಟಗೇರಿಯ ರಸ್ತೆಗೆ ತಿರುಗಿದೆವು. ಹೋದ ವರ್ಷ ಅವಳು ಮಾತಿಲ್ಲದೆ ಉಂಡ ಎಂಟು ದಿನಗಳನ್ನು ಒಂದೊಂದಾಗಿ ಎಣಿಸಿದೆ. ಗೆದ್ದೆಯಲ್ಲವ್ವಾ, ಅವನನ್ನು ಗೆದ್ದೆಯಲ್ಲ ಎಂದು ಹೇಳಬೇಕೆಂದುಕೊಂಡೆ. ಹೆಲ್ಮೆಟ್ಟಿನ ಹಿಂಭಾಗಕ್ಕೆ ಅದನ್ನು ಹೇಳುವುದು ಹೇಗೆಂದು ತಿಳಿಯಲಿಲ್ಲ. ಪೆಟ್ಟಿಗೆ ಮಾರುವ ಮಾತು ಬಂದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮೂರು ಉತ್ತರ ಕಟ್ಟಿದೆ, ಮೂರೂ ಬಿದ್ದುಹೋದವು.

ಎದುರಿಗೆ ನೂಲಿನ ಗಂಟು ಹೇರಿದ ಆಟೋ ಅಡ್ಡ ನಿಂತಿತ್ತು. ಅವಳು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು.

"ಅಪ್ಪಾ."

"ಏನವ್ವಾ."

"ಆ ಡೊಳ್ಳಹೊಟ್ಟಿಯವನ್ನ ಕಲ್ಯಾಕ ನಿನಗ ಎಷ್ಟ ದಿನ ಬೇಕು?"

ಆಟೋ ಸರಿದು ದಾರಿ ಬಿಟ್ಟಿತು, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು, ಅವಳು ಗಾಡಿ ಬಿಡದೆ ಉತ್ತರಕ್ಕೆ ಕಾದಳು.

"ನಾಳೆ ಐದೂವರಿಗೆ ಎಬ್ಬಿಸು," ಎಂದೆ.